ಕಿವಿ ಹಿಂದಿನ ದಾರ

ಸಜ್ಜನರಾವ್ ಸರ್ಕಲ್ ಹತ್ತಿರ ಗಾಡಿ ನಿಲ್ಲಿಸಿ, ಹೋಳಿಗೆ ತಿನ್ನೋಣ ಅಂತ ತಿಂಡಿ ಬೀದಿಗೆ ನುಗ್ಗಿದ್ದೆವು. ಹೆಲ್ಮೆಟ್ ತೆಗೆದಾಗ ಎಡಗಿವಿಯ ಹಿಂದೆ ಏನೋ ಚುಚ್ಚಿತು. ಗೆಳೆಯ ಮೊಬೈಲ್ ಟಾರ್ಚ್ ಹಾಕಿ ನೋಡಿ, "ಗುರೂ, ನಿನ್ ಕಿವಿ ಹಿಂದೆ ದಾರ ಈಚೆ ಬಂದಿದೆ" ಅಂದ.

ಹದಿನಾಲ್ಕು ತಿಂಗಳ ಹಿಂದೆ ಕಿವಿ 'ಸರಿ' ಮಾಡಿಸಿಕೊಂಡಿದ್ದೆ. ಸ್ಕೂಲಲ್ಲಿ ನನ್ನ ಹೆಸರು 'ಮೊರ'. ಕೆಲಸಕ್ಕೆ ಸೇರಿದ ಮೇಲೂ ಫೋಟೋಗೆ ತಲೆ ಓರೆ ಮಾಡಿ ನಿಲ್ಲೋ ಅಭ್ಯಾಸ ಹೋಗಿರಲಿಲ್ಲ. "ಗಣಪತಿ ಕಿವಿ ಕಣೋ, ಅದೃಷ್ಟ" ಅಂತ ಅಮ್ಮ ಹೇಳುತ್ತಲೇ ಇದ್ದಳು. ನಾನು ಇಎಂಐ ಹಾಕಿಸಿ ಮಾಡಿಸಿಕೊಂಡೆ. ಅದಕ್ಕೆ ನಾಚಿಕೆಯಿಲ್ಲ. 'ದೇವರು ಕೊಟ್ಟಿದ್ದನ್ನ ಯಾಕೆ ಮುಟ್ಟಿದೆ' ಅನ್ನೋ ಉಪದೇಶವೂ ಬೇಡ. ನನ್ನ ಜಗಳ ಬೇರೆ.

ಕ್ಲಿನಿಕ್‌ನವರು ಹೇಳಿದ್ದು: ಎರಡು ಗಂಟೆ ಕೆಲಸ, ಸಂಜೆಗೆ ಮನೆ, ವಾರ ಬಿಟ್ಟು ಆಫೀಸು. ಹೇಳದೇ ಇದ್ದದ್ದು: ಒಳಗೆ ಕರಗದ ದಾರ ಬಿಡುತ್ತೇವೆ, ಅದು ಅಲ್ಲೇ ಇರುತ್ತೆ.

ಇದೇನು ಗುಟ್ಟಿನ ವಿದ್ಯೆಯಲ್ಲ. ಕಿವಿಯ ಮೃದ್ವಸ್ಥಿಯನ್ನು ಹೊಲಿದು ಮಡಿಕೆ ಮೂಡಿಸುವ ಕ್ರಮವನ್ನು ಸ್ಕಾಟ್ಲೆಂಡಿನ ಸರ್ಜನ್ ಮಸ್ಟಾರ್ಡೆ 1963ರಲ್ಲೇ ಪ್ರಕಟಿಸಿದ. ಕಿವಿಯ ಬಟ್ಟಲನ್ನು ತಲೆಯ ಕಡೆಗೆ ಎಳೆದು ಹೊಲಿಯುವ ಫರ್ನಾಸ್ ವಿಧಾನ 1968ರದು. ಕಿವಿ ಹಿಂದಿನ ಚರ್ಮ ತೆಳು. ತಿಂಗಳುಗಳಾದ ಮೇಲೆ, ವರ್ಷಗಳಾದ ಮೇಲೂ ದಾರ ಅದನ್ನು ಕೊರೆದು ಹೊರಬರಬಹುದು. ಸುತ್ತ ಗಂಟು ಕಟ್ಟಬಹುದು, ಕೀವಾಗಬಹುದು. ಹೊಲಿಗೆ ಸಡಿಲವಾದರೆ ಕಿವಿ ಮತ್ತೆ ಮುಂದಕ್ಕೆ ಬರಬಹುದು. ಸರ್ಜನ್‌ಗಳು ಓದುವ ಪುಸ್ತಕಗಳಲ್ಲಿ ಇದೆಲ್ಲ ಇದೆ. ನನಗೆ ಕೊಟ್ಟ ಬಣ್ಣದ ಕರಪತ್ರದಲ್ಲಿ ಇರಲಿಲ್ಲ, ಅಷ್ಟೇ. ಗೌನ್ ತೊಡಿಸಿದ ಮೇಲೆ ಸಹಿ ಹಾಕಿಸಿಕೊಂಡ ಕಾಗದದಲ್ಲಿ ಒಂದು ಸಾಲು ಇತ್ತಂತೆ. ಆ ಹೊತ್ತಲ್ಲಿ ಯಾರು ಓದ್ತಾರೆ ಸ್ವಾಮಿ?

ದಾರ ತೋರಿಸಿದಾಗ ಬಂದ ಉತ್ತರ: "ನಿಮ್ ಬಾಡಿಗೆ ಒಗ್ಗಿಲ್ಲ ಸರ್." ತಪ್ಪು ನನ್ನ ಬಾಡಿಯದ್ದು! ತೆಗೆಯೋಕೆ ಬೇರೆ ಬಿಲ್ಲು.

2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್, 21 ವರ್ಷದ ಹುಡುಗಿ, ಇದೇ ಬೆಂಗಳೂರಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡಾಗ ಟಿವಿ ತುಂಬ ಅದೇ ಸುದ್ದಿ. ಜೀವ ಹೋದರೆ ಸುದ್ದಿ. ದಾರ ಹೊರಬಂದರೆ ಅದು ಯಾರ ಲೆಕ್ಕಕ್ಕೂ ಸೇರಲ್ಲ. ಯಾಕೆ ಗೊತ್ತಾ? ಗುಟ್ಟಾಗಿ ಮಾಡಿಸಿಕೊಂಡವನು ಬಹಿರಂಗವಾಗಿ ದೂರು ಕೊಡಲ್ಲ. ಈ ವ್ಯಾಪಾರ ನಿಂತಿರೋದೇ ನಮ್ಮ ಸಂಕೋಚದ ಮೇಲೆ. ಅದಕ್ಕೇ ನಾನು ಬರೀತಿದ್ದೀನಿ.

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಪ್ರಕಾರ ಆಸ್ಪತ್ರೆಗಳು ದರಪಟ್ಟಿ ಹಾಕಬೇಕು. ಸರಿ, ಪಕ್ಕದಲ್ಲೇ ಇನ್ನೊಂದು ಪಟ್ಟಿಯನ್ನೂ ಹಾಕಲಿ: ಹೋದ ವರ್ಷ ಎಷ್ಟು ಜನಕ್ಕೆ ಮಾಡಿದಿರಿ, ಅದರಲ್ಲಿ ಎಷ್ಟು ಜನ ತೊಂದರೆ ಅಂತ ವಾಪಸ್ ಬಂದರು?

ಅಲ್ಲಿಯವರೆಗೆ ಅಡ್ವಾನ್ಸ್ ಕಟ್ಟೋ ಮುಂಚೆ ನೀವೇ ಕೇಳಿ. ಯಾವ ದಾರ? ಕರಗುತ್ತಾ, ಇಲ್ವಾ? ಈಚೆ ಬಂದರೆ ತೆಗೆಯೋರು ಯಾರು, ದುಡ್ಡು ಯಾರದ್ದು? ಬರೆದು ಕೊಡಿ ಅನ್ನಿ. ತಡವರಿಸಿದರೆ ಎದ್ದು ಬನ್ನಿ. ಕಿವಿ ಎಲ್ಲಿಗೂ ಓಡಿಹೋಗಲ್ಲ.