ನಿಷೇಧ ಬೇರೆ, ನಿರಾಕರಣೆ ಬೇರೆ

ಜಪಾನಿ ಭಾಷೆಯ ಆರಂಭಿಕ ಪಠ್ಯಗಳಲ್ಲಿ ಅನುಮತಿ ಕೇಳುವ ರಚನೆಯೂ ನಿಷೇಧದ ರಚನೆಯೂ ಒಟ್ಟಿಗೇ ಬರುತ್ತವೆ. ‘ಮಿನ್ನಾ ನೊ ನಿಹೊಂಗೊ’ದ 15ನೇ ಪಾಠದಲ್ಲಿಯೂ ‘ಗೆಂಕಿ’ಯ 6ನೇ ಪಾಠದಲ್ಲಿಯೂ ಹೀಗೆಯೇ ಇದೆ. ವ್ಯಾಕರಣದ ದೃಷ್ಟಿಯಿಂದ ಇದು ಸರಿ. ಆದರೆ ತರಗತಿಯಲ್ಲಿ ಇವೆರಡನ್ನು ಪ್ರಶ್ನೆ ಮತ್ತು ಉತ್ತರದ ಜೋಡಿಯಾಗಿ ಅಭ್ಯಾಸ ಮಾಡಿಸಬಾರದು ಎಂಬುದು, ಬಿ.ಎಡ್. ಜೊತೆಗೆ ಜಪಾನಿಯನ್ನೂ ಕಲಿಯುತ್ತಿರುವ ನನ್ನ ಅಭಿಪ್ರಾಯ.

ಕನ್ನಡ ಬಲ್ಲವರಿಗೆ ಈ ರಚನೆಗಳು ಕಷ್ಟವಲ್ಲ. ‘ಸುವತ್ತೆ ಮೊ ಈ ದೆಸು ಕಾ’ ಎಂದರೆ ಹೆಚ್ಚುಕಡಿಮೆ ‘ಕೂತರೂ ಸರಿಯೇ?’ ಎಂದು. ‘ಸುವತ್ತೆ ವಾ ಇಕೆಮಾಸೆನ್’ ಎಂದರೆ ‘ಕೂತರೆ ಆಗದು’. ಇಷ್ಟು ಸುಲಭವಾಗಿ ಹೊಂದುವುದರಿಂದಲೇ ಬಳಕೆಯ ವ್ಯತ್ಯಾಸ ಮರೆತುಹೋಗುತ್ತದೆ.

‘ಇಕೆಮಾಸೆನ್’ ನಿಯಮ ಹೇಳುವ ಮಾತು. ಶಿಕ್ಷಕರು ಮಕ್ಕಳಿಗೆ, ಸಿಬ್ಬಂದಿ ಸಂದರ್ಶಕರಿಗೆ ನಿಯಮ ತಿಳಿಸುವಾಗ ಒಪ್ಪುತ್ತದೆ. ಪಕ್ಕದ ಕುರ್ಚಿ ಕೇಳಿದ ಸಹೋದ್ಯೋಗಿಗೆ ಹಾಗೆಂದರೆ ಗದರಿದಂತಾಗುತ್ತದೆ. ಹಿರಿಯ ಅಧಿಕಾರಿಗೆ ಹೇಳುವ ಹಾಗೆಯೇ ಇಲ್ಲ. ಅಲ್ಲಿ ಸಹಜವಾದ ಉತ್ತರ ‘ಸುಮಿಮಾಸೆನ್, ಚೊತ್ತೊ...’ ಎಂಬುದು. ‘ಕ್ಷಮಿಸಿ, ಸ್ವಲ್ಪ...’ ಎಂದು ಮಾತು ಅಲ್ಲಿಗೇ ನಿಲ್ಲುತ್ತದೆ. ಉಳಿದದ್ದನ್ನು ಕೇಳುವವರೇ ತಿಳಿದುಕೊಳ್ಳುತ್ತಾರೆ. ನಾವೂ ‘ಸರ್, ಹೊರಗೆ ಹೋಗ್ಲಾ?’ ಎಂದ ಹುಡುಗನಿಗೆ ‘ಹೋಗಕೂಡದು’ ಎನ್ನುವುದಿಲ್ಲ, ‘ಈಗ ಬೇಡಪ್ಪ’ ಎನ್ನುತ್ತೇವೆ.

ಫಲಕಗಳಲ್ಲಿಯೂ ಈ ವಿವೇಚನೆ ಕಾಣುತ್ತದೆ. ಅಪಾಯದ ಜಾಗದಲ್ಲಿ ‘ತಚಿಇರಿ ಕಿನ್‌ಶಿ’, ಅಂದರೆ ಪ್ರವೇಶ ನಿಷೇಧ, ಎಂದು ನೇರವಾಗಿ ಬರೆದಿರುತ್ತದೆ. ಛಾಯಾಚಿತ್ರ ಬೇಡವೆನ್ನುವಲ್ಲಿ ‘ಗೊಎನ್‌ರ್ಯೊ ಕುದಸೈ’ ಎಂಬ ವಿನಂತಿ ಇರುತ್ತದೆ.

ಅರ್ಧಕ್ಕೆ ನಿಂತ ವಾಕ್ಯವನ್ನು ಹೊಸಬರಿಗೆ ಕಲಿಸುವುದು, ಅದಕ್ಕೆ ಅಂಕ ಕೊಡುವುದು ಹೇಗೆ ಎಂದು ಕೆಲವರು ಕೇಳಬಹುದು. ಪೂರ್ಣ ವಾಕ್ಯದ ಅಭ್ಯಾಸ ಬೇಕೇ ಬೇಕು. ಅದಕ್ಕೆ ಗ್ರಂಥಾಲಯ, ಆಸ್ಪತ್ರೆಗಳ ನಿಯಮಗಳನ್ನು ಹೇಳಿಸಿದರೆ ಸಾಕು. ನಿರಾಕರಣೆಗೆ ಬೇರೆಯೇ ಪಾಠಯೋಜನೆ ಇರಲಿ. ಕೇಳುವವರು ಯಾರು, ಒಲ್ಲೆ ಎನ್ನುವವರು ಯಾರು ಎಂದು ಬರೆದ ಪಾತ್ರಚೀಟಿಗಳನ್ನು ಕೊಟ್ಟು ಸಂಭಾಷಣೆ ಮಾಡಿಸೋಣ. ಮೌಲ್ಯಮಾಪನದಲ್ಲಿ ಕ್ರಿಯಾಪದದ ರೂಪದ ಜೊತೆಗೆ ‘ಯಾರಿಗೆ ಹೇಳಿದ್ದು’ ಎಂಬುದಕ್ಕೂ ಅಂಕವಿರಲಿ.

ನಾಳೆ ಜಪಾನಿನಲ್ಲಿ ಕೆಲಸಕ್ಕೆ ಸೇರುವ ವಿದ್ಯಾರ್ಥಿಯ ವ್ಯಾಕರಣ ತಪ್ಪಿದರೆ ಎದುರಿನವರು ಕಲಿಯುವವರೆಂದು ಮನ್ನಿಸುತ್ತಾರೆ. ವ್ಯಾಕರಣ ಸರಿಯಿದ್ದು ಮಾತು ಒರಟಾದರೆ, ಅದನ್ನು ಅವನ ಸ್ವಭಾವವೆಂದೇ ತಿಳಿಯುತ್ತಾರೆ.