ಕಾಲೊನಿ: ಒಂದೇ ಪದ, ಮೂರು ಖಾತೆ

ಈ ಸಲ ತೆರಿಗೆ ವಿಷಯ ಇಲ್ಲ. ಜನವರಿ 31ರ ಗಡುವು ಮುಗೀತು. ರಿಟರ್ನ್ ಹಾಕಿದವರು ಹಾಕಿದ್ದಾಯಿತು, ಹಾಕದವರಿಗೆ ದಂಡದ ಕಾಗದ ಹೇಗೂ ಬಂದೇ ಬರುತ್ತೆ. ಅದನ್ನು ಆಮೇಲೆ ನೋಡೋಣ. ಇವತ್ತು ಒಂದು ಪದದ ಲೆಕ್ಕ ಮಾಡೋಣ.

ಶನಿವಾರ ಸಂಜೆ ನಮ್ಮ ಮೇಜಿನ ಹತ್ತಿರ ಜನ ಕಾಗದಪತ್ರ ಹಿಡಿದು ಬರುವುದು ನಿಮಗೆ ಗೊತ್ತೇ ಇದೆ. ಹೋದ ವರ್ಷದ ಕೊನೆಯಲ್ಲಿ ಕೇರ್ ಹೋಮ್‌ನಲ್ಲಿ ರಾತ್ರಿಪಾಳಿ ಮಾಡುವ ಹುಡುಗನೊಬ್ಬ ಪಾಸ್‌ಪೋರ್ಟ್ ನವೀಕರಣದ ಅರ್ಜಿ ತಂದಿದ್ದ. ಊರಿನ ಖಾಯಂ ವಿಳಾಸ ತುಂಬಬೇಕಿತ್ತು. ಆಧಾರ್ ಕಾರ್ಡ್ ನೋಡಿಕೊಂಡು ‘ಎ.ಕೆ. ಕಾಲೊನಿ’ ಅಂತ ಬರೆಯಲು ಹೊರಟೆವು. ಹುಡುಗ ತಗ್ಗಿದ ದನಿಯಲ್ಲಿ, “ಸಾರ್, ಅದೊಂದು ಬಿಟ್ಬಿಡಿ. ಊರ ಹೆಸರು ಮಾತ್ರ ಹಾಕಿ” ಅಂದ. ಎದುರಿಗೆ ಅವನ ಪಕ್ಕದ ತಾಲ್ಲೂಕಿನವರೇ ಇಬ್ಬರು ಕೂತು ಟೀ ಕುಡಿಯುತ್ತಿದ್ದರು.

ನಾವೋ, ಅರಸೀಕೆರೆಯ ರೈಲ್ವೆ ಕಾಲೊನಿಯಲ್ಲಿ ಹುಟ್ಟಿ ಬೆಳೆದವರು. ಅದನ್ನು ಹೇಳಿಕೊಳ್ಳೋದೇ ನಮಗೊಂದು ಹೆಮ್ಮೆ. “ಯಾಕಪ್ಪಾ, ನಮ್ದೂ ಕಾಲೊನೀನೇ!” ಅಂದು ನಕ್ಕೆವು. ಅವನು ನಗಲಿಲ್ಲ. “ನಿಮ್ದು ಬೇರೆ ಸಾರ್” ಅಂದ.

ಆ ಮಾತು ನಮ್ಮ ಜೊತೆ ಮನೆಗೂ ಬಂತು. ಒಂದೇ ಪದ ನಮ್ಮ ಪುಸ್ತಕದಲ್ಲಿ ಆಸ್ತಿಯ ಕಡೆ, ಅವನ ಪುಸ್ತಕದಲ್ಲಿ ಸಾಲದ ಕಡೆ ಹೇಗೆ ಬಂತು? ಲೆಕ್ಕ ಹೊಂದದಿದ್ದರೆ ಮೊದಲ ವೋಚರಿನಿಂದ ನೋಡಬೇಕು ಅನ್ನೋದು ನಮ್ಮ ಕಸುಬಿನ ನಿಯಮ.

ಪದದ ಮೂಲ ಲ್ಯಾಟಿನ್. ‘ಕೊಲೋನಸ್’ ಅಂದರೆ ಉಳುವವನು. ಅವನು ನೆಲೆನಿಂತ ಜಾಗ ‘ಕೊಲೋನಿಯಾ’. ರೋಮನ್ನರು ನಿವೃತ್ತ ಸೈನಿಕರಿಗೆ ಜಮೀನು ಕೊಟ್ಟು ಕೂರಿಸಿದ ಊರುಗಳಿಗೆ ಈ ಹೆಸರು. ಅಂಥ ಊರು ನೋಡಲು ದೂರ ಹೋಗಬೇಕಿಲ್ಲ. ಲಿವರ್‌ಪೂಲ್ ಸ್ಟ್ರೀಟಿನಿಂದ ರೈಲಿನಲ್ಲಿ ಒಂದು ಗಂಟೆಯ ಹಾದಿಯ ಕೋಲ್ಚೆಸ್ಟರ್, ಕ್ರಿ.ಶ. 49ರಲ್ಲಿ ಬ್ರಿಟನ್ನಿನಲ್ಲಿ ರೋಮನ್ನರು ಮಾಡಿದ ಮೊದಲ ಕಾಲೊನಿ. ಲಿಂಕನ್ ಊರಿನ ಹೆಸರಿನ ಬಾಲದಲ್ಲೂ ಅದೇ ಕೊಲೋನಿಯಾ ಅಡಗಿದೆ. ನಮ್ಮನ್ನು ಆಳಿದವರೂ ಒಂದು ಕಾಲದಲ್ಲಿ ಆಳಿಸಿಕೊಂಡವರೇ! ಕೋಲ್ಚೆಸ್ಟರಿನ ಮಾಜಿ ಸೈನಿಕರು ಸ್ಥಳೀಯರನ್ನು ಅವರ ಮನೆ-ಹೊಲದಿಂದಲೇ ಓಡಿಸಿದರು. ಸುಮಾರು ಹತ್ತು ವರ್ಷದಲ್ಲಿ ಬೌಡಿಕಾ ರಾಣಿಯ ಜನ ಎದ್ದು ಊರನ್ನೇ ಸುಟ್ಟರು. ಪದ ಹುಟ್ಟಿದ್ದು ನೇಗಿಲಿನಿಂದ, ಆದರೆ ಉತ್ತದ್ದು ಇನ್ನೊಬ್ಬರ ಹೊಲ. ಇದನ್ನು ನೆನಪಿಟ್ಟುಕೊಂಡು ಖಾತೆ ತೆರೆಯೋಣ.

ಮೊದಲ ಖಾತೆ ಜೀವಶಾಸ್ತ್ರದ್ದು. ಗಾಜಿನ ತಟ್ಟೆಯಲ್ಲಿ ಅಗರ್ ಹಾಕಿ, ಮೇಲೆ ಒಂದು ಹನಿ ನೀರೋ ಹಾಲೋ ಸವರಿ ಬೆಚ್ಚಗೆ ಇಡುತ್ತಾರೆ. ಕಣ್ಣಿಗೆ ಕಾಣದ ಒಂದು ಬ್ಯಾಕ್ಟೀರಿಯಾ ಎರಡಾಗಿ, ಎರಡು ನಾಲ್ಕಾಗಿ, ಒಂದೆರಡು ದಿನದಲ್ಲಿ ಕಣ್ಣಿಗೆ ಕಾಣುವ ಚುಕ್ಕಿಯಾಗುತ್ತದೆ. ಆ ಚುಕ್ಕಿಯಲ್ಲಿ ಲಕ್ಷಾಂತರ ಜೀವ. ಅದಕ್ಕೆ ಕಾಲೊನಿ ಅಂತ ಹೆಸರು. ಚುಕ್ಕಿಗಳನ್ನು ಎಣಿಸಿ, ಮೂಲ ಹನಿಯಲ್ಲಿ ಎಷ್ಟು ಜೀವಂತ ಬ್ಯಾಕ್ಟೀರಿಯಾ ಇದ್ದವು ಅಂತ ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ಹವಳದ್ದು ಇನ್ನೂ ಸೊಗಸು. ಸಾವಿರಾರು ಪುಟ್ಟ ಪ್ರಾಣಿಗಳು ಮೈಗೆ ಮೈ ಬೆಸೆದುಕೊಂಡಿರುತ್ತವೆ; ಒಂದು ತಿಂದದ್ದು ಪಕ್ಕದ್ದಕ್ಕೂ ತಲುಪುತ್ತದೆ. ಇನ್ನು ಜೇನು: ಒಂದು ರಾಣಿ, ಸಾವಿರ ಸಾವಿರ ಕೆಲಸಗಾರ ನೊಣಗಳು. ನಮ್ಮ ಕಡೆ ಜೇನು ಸಾಕುವವರು ಇದನ್ನು ‘ಜೇನು ಕುಟುಂಬ’ ಅನ್ನುತ್ತಾರೆ. ಎಷ್ಟು ಒಪ್ಪುವ ಮಾತು! ಗೂಡೇನೂ ಸ್ವರ್ಗವಲ್ಲ, ಈ ಚಳಿದೇಶದಲ್ಲಿ ಚಳಿಗಾಲಕ್ಕೆ ಮುಂಚೆ ಗಂಡು ನೊಣಗಳನ್ನು ಹೊರಗೆ ದಬ್ಬುತ್ತವೆ. ಆದರೂ ಒಂದು ಮಾತು ನಿಜ: ದುಡಿಮೆಯ ಫಲ ಗೂಡಿನೊಳಗೇ ಉಳಿಯುತ್ತದೆ, ನಾವು ಮನುಷ್ಯರು ಹೋಗಿ ತುಪ್ಪ ಕದಿಯುವ ತನಕ.

ಎರಡನೆಯ ಖಾತೆ ಚರಿತ್ರೆಯದ್ದು, ಕನ್ನಡದಲ್ಲಿ ‘ವಸಾಹತು’ ಅನ್ನುತ್ತೇವಲ್ಲ, ಅದು. ಬಿ.ಕಾಂ. ಓದುವಾಗ ನಮಗೆ ಹೆಡ್ ಆಫೀಸ್–ಬ್ರಾಂಚ್ ಲೆಕ್ಕದ ಪಾಠವಿತ್ತು. ಬ್ರಾಂಚು ಎಷ್ಟೇ ದುಡಿಯಲಿ, ಲಾಭ ಹೋಗಿ ಸೇರುವುದು ಹೆಡ್ ಆಫೀಸಿಗೆ. ಇದಕ್ಕೆ ಕೋಲಾರದ ಚಿನ್ನದ ಗಣಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಮೈಸೂರು ನೇರವಾಗಿ ಬ್ರಿಟಿಷರ ಕೈಯಲ್ಲಿದ್ದದ್ದು 1831ರಿಂದ 1881ರ ತನಕ. ಆಮೇಲೆ ರಾಜ್ಯ ಮಹಾರಾಜರಿಗೆ ಮರಳಿತು. ಗಣಿಗಳನ್ನು ಮಾತ್ರ ಅದೇ 1880ರ ದಶಕದಿಂದ ನಡೆಸಿದ್ದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್. ಮೈಸೂರಿಗೆ ರಾಯಧನ, ಲಂಡನ್ನಿನ ಷೇರುದಾರರಿಗೆ ಡಿವಿಡೆಂಡ್. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ ವಿದ್ಯುತ್ ಹೋಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ! ಸಾಹೇಬರಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಸುರಂಗಕ್ಕೆ ಇಳಿದವರಿಗೆ ಲೈನ್ ಮನೆ, ಶ್ವಾಸಕೋಶಕ್ಕೆ ಕಲ್ಲಿನ ದೂಳು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದವು, 2001ರ ಫೆಬ್ರವರಿ 28ಕ್ಕೆ ಮುಚ್ಚಿದವು.

ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡ ಹಾಗೆ ಅಂತ ನಮ್ಮ ಹಿರಿಯರು ಹೇಳುತ್ತಾರಲ್ಲ, ಆ ಒಂದು ಗಾದೆಯಲ್ಲಿ ಎರಡೂ ಅರ್ಥ ಇವೆ. ಗೆದ್ದಲಿನದ್ದು ಜೀವಶಾಸ್ತ್ರದ ಕಾಲೊನಿ, ಹಾವಿನದ್ದು ಚರಿತ್ರೆಯ ಕಾಲೊನಿ.

ಮೂರನೆಯ ಖಾತೆ ನಮ್ಮದೇ. ಇಲ್ಲಿನ ಮಕ್ಕಳ ಶಾಲೆಯ ಪುಸ್ತಕದಲ್ಲಿ ಅದು ಸಿಗುವುದಿಲ್ಲ. ಪಟ್ಟಣದಲ್ಲಿ ರೈಲ್ವೆ ಕಾಲೊನಿ, ಬ್ಯಾಂಕ್ ಕಾಲೊನಿ ಅಂದರೆ ಮರ್ಯಾದೆ. ಹಳ್ಳಿಯಲ್ಲಿ ಬರೀ ‘ಕಾಲೊನಿ’ ಅಂದರೆ ಯಾವುದು ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ. ಎ.ಕೆ. ಅಂದರೆ ಆದಿ ಕರ್ನಾಟಕ, ಈ ನೆಲದ ಮೊದಲ ಜನ ಅನ್ನೋ ಅರ್ಥದ ಹೆಸರು. ಕೇರಿ ಎಂಬ ಹಳೆಯ ಪದದ ಜಾಗದಲ್ಲಿ ಕಾಲೊನಿ ಬಂದು ಕೂತಿತು. ಜಾಗ ಮಾತ್ರ ಊರಾಚೆಯೇ ಉಳಿಯಿತು. ಊರಿನ ಗದ್ದೆ ನಾಟಿ ಮಾಡಿದವರು, ಕಳೆ ಕಿತ್ತವರು ಅಲ್ಲಿಂದಲೇ ಬಂದರು, ಸಂಜೆ ಅಲ್ಲಿಗೇ ಮರಳಿದರು. ಬೆಳೆ ಊರೊಳಗೆ ಉಳಿಯಿತು. ಬಿ.ಕಾಂ. ಲೆಕ್ಕದಲ್ಲಿ ನೋಡಿದರೆ ಇದೂ ಬ್ರಾಂಚೇ. ವ್ಯತ್ಯಾಸ ಇಷ್ಟೇ: ಹೆಡ್ ಆಫೀಸು ಸಮುದ್ರದಾಚೆ ಇಲ್ಲ, ಕೂಗಳತೆಯ ದೂರದಲ್ಲಿದೆ. ಮತ್ತೆ, ಈ ಹಾವು ಹೊರಗಿನಿಂದ ಬಂದದ್ದಲ್ಲ.

ಪದ ಬದಲಿಸುವ ಕೆಲಸವೂ ನಡೆದಿದೆ. 2024ರ ಜೂನ್‌ನಲ್ಲಿ ಕೇರಳ ಸರ್ಕಾರ ಪರಿಶಿಷ್ಟರ ವಾಸಸ್ಥಳಗಳ ಹೆಸರಿನಿಂದ ‘ಕಾಲೊನಿ’ ತೆಗೆಯಲು ಆದೇಶ ಮಾಡಿತು. ಹಾಗಾಗಿ ನಮ್ಮ ಕಾಸರಗೋಡಿನ ಕನ್ನಡಿಗರಿಗೂ ಇದು ಮನೆಬಾಗಿಲ ಸುದ್ದಿ. 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಮುಖ್ಯಮಂತ್ರಿಗಳು ಸರ್ಕಾರಿ ದಾಖಲೆಗಳಿಂದ ಆ ಪದ ಅಳಿಸುವುದಾಗಿ ವಿಧಾನಸಭೆಯಲ್ಲಿ ಹೇಳಿದರು. ನಮ್ಮ ಸೌತ್‌ಹಾಲ್‌ನಲ್ಲೇ ನೋಡಿ: 1857ರ ದಂಗೆಯನ್ನು ಹತ್ತಿಕ್ಕಿದ ಜನರಲ್ ಹ್ಯಾವ್‌ಲಾಕ್ ಹೆಸರಿನ ರಸ್ತೆಯಲ್ಲಿ, ಗುರುದ್ವಾರ ಇರುವ ಭಾಗಕ್ಕೆ ಈಗ ಗುರುನಾನಕ್ ರಸ್ತೆ ಅಂತ ಹೆಸರು. ಒಳ್ಳೆಯದೇ. ಆದರೆ ಲೆಡ್ಜರಿನ ಶೀರ್ಷಿಕೆ ಬದಲಿಸಿದರೆ ಬಾಕಿ ತೀರುವುದಿಲ್ಲ.

ಸೌತ್‌ಹಾಲ್‌ನ ಹಳಬರನ್ನು ಕೇಳಿದರೆ ಇನ್ನೊಂದು ಕಥೆ ಹೇಳುತ್ತಾರೆ. ಒಂದು ಶಾಲೆಯಲ್ಲಿ ವಲಸಿಗರ ಮಕ್ಕಳು ಮೂರನೇ ಒಂದು ಭಾಗ ಮೀರದಿರಲಿ ಅಂತ 1965ರಲ್ಲಿ ಸರ್ಕಾರ ಸುತ್ತೋಲೆ ಹೊರಡಿಸಿತು. ಇಲ್ಲಿನ ಏಷ್ಯನ್ ಮಕ್ಕಳನ್ನು ಬೆಳಿಗ್ಗೆ ಬೆಳಿಗ್ಗೆ ಬಸ್ಸು ಹತ್ತಿಸಿ ದೂರದ ಶಾಲೆಗಳಿಗೆ ಕಳಿಸುತ್ತಿದ್ದರು. ಊರಿನವರ ಕಣ್ಣಿಗೆ ನಾವೇ ‘ಕಾಲೊನಿಯವರು’ ಆಗಿದ್ದ ಕಾಲ ಅದು. ಅಂಥ ಊರಿಗೆ ಬಂದು, ಒಂದೇ ಮನೆಯಲ್ಲಿ ಆರು ಜನ ಬಾಡಿಗೆ ಹಂಚಿಕೊಂಡು, ಒಂದೇ ಕುಕ್ಕರಿನ ಅನ್ನ ತಿನ್ನುತ್ತಾ, “ನಿಮ್ಮದು ಊರೊಳಗೋ, ಕಾಲೊನೀನೋ?” ಅಂತ ಕೇಳುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಬಾಯಲ್ಲಿ ಕೇಳದವರೂ ವಿಳಾಸದ ಕಡೆ ಕಣ್ಣು ಹಾಯಿಸುತ್ತಾರೆ. ನಾವು ನಕ್ಕೆವಲ್ಲ, ಅದೂ ಅದೇ ಬಾಬ್ತಿನ ಖರ್ಚು. ನಮ್ಮ ಹೆಸರಿನಲ್ಲೇ ಬರೆದುಕೊಳ್ಳುತ್ತೇವೆ.

ಆ ಅರ್ಜಿ ವಾಪಸು ಬಂತು. ವಿಳಾಸ ಆಧಾರ್‌ನೊಂದಿಗೆ ಹೊಂದುತ್ತಿಲ್ಲ ಅಂತ ಷರಾ. ಅವನು ಕೇಳಿದ ಅಂತ ಬಿಟ್ಟದ್ದು ನಾವು; ತಪ್ಪು ನಮ್ಮದೇ. ಹುಡುಗ ರಜೆ ಹಾಕಿ ಮತ್ತೆ ಬಂದ. ಈ ಸಲ ಮೇಜಿನ ಬಳಿ ಬೇರೆ ಯಾರೂ ಕೂರದ ಹಾಗೆ ನೋಡಿಕೊಂಡೆವು. ಪೆನ್ನನ್ನು ಅವನ ಕೈಗೇ ಕೊಟ್ಟೆವು. ಅವನೇ ಪೂರ್ತಿ ಬರೆದ, ಒಂದು ಅಕ್ಷರವನ್ನೂ ಬಿಡದೆ.

ಆದ್ದರಿಂದ ಈ ತಿಂಗಳ ಸೂಚನೆ ಎರಡು. ಅರ್ಜಿಯಲ್ಲಿ ವಿಳಾಸವನ್ನು ಆಧಾರ್‌ನಲ್ಲಿ ಇದ್ದಂತೆಯೇ ತುಂಬಿ, ಯಾವ ಪದವನ್ನೂ ಬಿಡಬೇಡಿ. ಮತ್ತೆ, ಶನಿವಾರ ನಮ್ಮಲ್ಲಿಗೆ ಬರುವವರು ಒಬ್ಬೊಬ್ಬರಾಗಿ ಬನ್ನಿ. ಟೀ ಪಕ್ಕದ ಕೋಣೆಯಲ್ಲಿ ಇರುತ್ತೆ. ವಿಳಾಸದಲ್ಲಿ ನಿಮ್ಮನ್ನು ಬಾಯಿಬಿಟ್ಟು ಕೇಳುವುದು ಇನ್ನು ಪಿನ್‌ಕೋಡ್ ಒಂದನ್ನೇ.