ಹಿಟ್ಟಿನ ಕೋಳಿಯೂ ಸಾರಕ್ಕಿಯ ಬೂದುಗುಂಬಳವೂ

ಆಯುಧಪೂಜೆಯ ಮರುದಿನ ಬೆಳಿಗ್ಗೆ ಸಾರಕ್ಕಿಯಲ್ಲಿ ನಡೆಯುವವರು ನೆಲ ನೋಡಿಕೊಂಡೇ ಹೆಜ್ಜೆ ಇಡಬೇಕು. ಮಾರುಕಟ್ಟೆಯ ಅಂಗಡಿಗಳ ಮುಂದೆ, ಆಟೋಗಳು ನಿಲ್ಲುವಲ್ಲಿ, ಕನಕಪುರ ರಸ್ತೆಯ ಅಂಚಿನುದ್ದಕ್ಕೂ ಒಡೆದ ಬೂದುಗುಂಬಳಕಾಯಿಗಳು. ಬಿಳಿಯ ತಿರುಳಿನ ಮೇಲೆ ಕದಡಿ ಹರಿದ ಕುಂಕುಮ. ಚಕ್ರದಡಿ ಅಪ್ಪಚ್ಚಿಯಾದ ನಿಂಬೆಹಣ್ಣು. ಹಾಲು ತರಲು ಈ ದಾರಿಯಲ್ಲಿ ಹೋಗುವಾಗ ಪ್ರತಿವರ್ಷವೂ ನನಗೆ ಜನ್ನ ನೆನಪಾಗುತ್ತಾನೆ. ಮನೆಗೆ ಬಂದು ‘ಯಶೋಧರ ಚರಿತೆ’ಯನ್ನು ಕೈಗೆತ್ತಿಕೊಳ್ಳುತ್ತೇನೆ. ಬಹುಪಾಲು ಕಂದಪದ್ಯಗಳಲ್ಲೇ ಸಾಗುವ ಚಿಕ್ಕ ಕಾವ್ಯವದು. ರಜೆಯ ಒಂದು ದಿನದಲ್ಲಿ ಓದಿ ಮುಗಿಸಬಹುದು. ನನ್ನ ಪ್ರೀತಿಯ ಪುಸ್ತಕ ಯಾವುದೆಂದು ಯಾರಾದರೂ ಕೇಳಿದರೆ ಪಂಪನ ಹೆಸರು ಹೇಳುವುದು ವಾಡಿಕೆ, ಮರ್ಯಾದೆಯೂ ಹೌದು. ಆದರೆ ಮತ್ತೆ ಮತ್ತೆ ತೆರೆಯುವುದು ಇದನ್ನೇ.

1209ರಲ್ಲಿ ರಚಿತವಾದ ಈ ಕಾವ್ಯದ ಕಥೆ ಜನ್ನನ ಸ್ವಂತದ್ದಲ್ಲ. ಅವನಿಗಿಂತ ಎರಡೂವರೆ ಶತಮಾನ ಮೊದಲೇ ಸೋಮದೇವಸೂರಿ ಸಂಸ್ಕೃತದಲ್ಲಿಯೂ ಪುಷ್ಪದಂತ ಅಪಭ್ರಂಶದಲ್ಲಿಯೂ ಇದನ್ನು ಹೇಳಿದ್ದರು. ಜನ್ನ ಅನುಸರಿಸಿದ್ದು ವಾದಿರಾಜನನ್ನು. ಉಜ್ಜಯಿನಿಯ ಅರಸ ಯಶೋಧರ ತನ್ನ ರಾಣಿ ಅಮೃತಮತಿ ವಿಕಾರರೂಪಿಯಾದ ಮಾವಟಿಗನಲ್ಲಿ ಅನುರಕ್ತಳಾಗಿರುವುದನ್ನು ಕಣ್ಣಾರೆ ಕಾಣುತ್ತಾನೆ. ಕಂಡದ್ದನ್ನು ತಾಯಿಗೆ ಹೇಳಲಾರದೆ ಕೆಟ್ಟ ಕನಸು ಬಿತ್ತೆನ್ನುತ್ತಾನೆ. ತಾಯಿ ಚಂದ್ರಮತಿ ದೋಷಪರಿಹಾರಕ್ಕೆ ಬಲಿ ಕೊಡು ಎನ್ನುತ್ತಾಳೆ. ಕೊಲ್ಲಲಾರೆ ಎಂದು ಮಗ ವಾದಿಸುತ್ತಾನೆ. ಕೊನೆಗೆ ಹಿಟ್ಟಿನ ಕೋಳಿಯನ್ನಾದರೂ ಕಡಿ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ತಾಯಿಯ ಮಾತು ಮೀರಲಾರದೆ ಅವನು ಒಪ್ಪುತ್ತಾನೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ಅನಂತರ ಅಮೃತಮತಿಯ ಕೈಯಿಂದ ತಾಯಿ ಮಗ ಇಬ್ಬರಿಗೂ ವಿಷ. ನವಿಲು, ನಾಯಿ, ಮೀನು, ಆಡು, ಕೋಳಿ ಎಂದು ಹಲವು ಜನ್ಮಗಳ ಅಲೆದಾಟ.

ನಮ್ಮ ತರಗತಿಗಳಲ್ಲಿ ಈ ಕಾವ್ಯ ಮಾವಟಿಗನ ಪ್ರಸಂಗದಲ್ಲಿಯೇ ಮುಗಿದುಹೋಗುತ್ತದೆ. ಪ್ರಶ್ನೆಪತ್ರಿಕೆಗಳಿಗೂ ಅಮೃತಮತಿಯೇ ಬೇಕು, ಗೈಡುಗಳಿಗೂ ಅವಳೇ ಬೇಕು. ಅವಳ ಪಾತ್ರ ದೊಡ್ಡದು, ನಿಜ. ಆದರೆ ಕಾವ್ಯದ ನಡು ಅಲ್ಲಿಲ್ಲ, ಹಿಟ್ಟಿನ ಕೋಳಿಯಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಗಿರೀಶ ಕಾರ್ನಾಡರು ಇದೇ ವಸ್ತುವನ್ನು ನಾಟಕವಾಗಿಸುವಾಗ ‘ಹಿಟ್ಟಿನ ಹುಂಜ’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಅಜ್ಜಿಯಿಂದ ನನಗೆ ಈ ಕಥೆ ಪುಸ್ತಕಕ್ಕಿಂತ ಮೊದಲೇ ತಲುಪಿತ್ತು. ಸಂಕ್ರಾಂತಿಗೆ ನೆರೆಮನೆಗಳಿಂದ ಎಳ್ಳಿನೊಡನೆ ಸಕ್ಕರೆ ಅಚ್ಚು ಬರುತ್ತಿತ್ತು. ಗೋಪುರ, ತೇರು, ಹೂವಿನ ಅಚ್ಚುಗಳನ್ನು ಅವರು ಮಕ್ಕಳಿಗೆ ಹಂಚುತ್ತಿದ್ದರು. ಗಿಳಿಯನ್ನೋ ಆನೆಯನ್ನೋ ಕಚ್ಚಲು ಬಿಡುತ್ತಿರಲಿಲ್ಲ. ತೆಗೆದುಕೊಂಡು ಹೋಗಿ ಮರದ ಬುಡದಲ್ಲಿ ಇಟ್ಟು ಬರುತ್ತಿದ್ದರು. ಸಕ್ಕರೆಯಲ್ಲವೆ ಅಜ್ಜಿ ಎಂದರೆ, “ಕಚ್ಚುವಾಗ ನೀನು ಸಕ್ಕರೆ ಅಂತ ಕಚ್ತೀಯೋ, ಗಿಳಿ ಅಂತ ಕಚ್ತೀಯೋ?” ಎಂದು ಕೇಳುತ್ತಿದ್ದರು. ಸಂಕಲ್ಪಹಿಂಸೆ ಎಂಬ ಮಾತನ್ನು ನಾನು ಕಲಿತದ್ದು ಎಂ.ಎ. ತರಗತಿಯಲ್ಲಿ. ಅಜ್ಜಿಯ ಬಾಯಲ್ಲಿ ಆ ಪದ ಕೇಳಿದ ನೆನಪಿಲ್ಲ.

ಹಾಗೆಂದು ಕುಂಬಳಕಾಯಿ ಒಡೆಯುವವರನ್ನು ಹಳಿಯುವುದು ಸುಲಭವಲ್ಲ. ನಮ್ಮ ಬೀದಿಯ ಆಟೋ ಚಾಲಕರೊಬ್ಬರೊಡನೆ ಒಮ್ಮೆ ಜನ್ನನ ಕಥೆಯನ್ನು ಹೇಳುವ ದುಸ್ಸಾಹಸ ಮಾಡಿದೆ. ಅವರು ಸಮಾಧಾನದಿಂದ ಕೇಳಿ, “ನಮ್ಮ ತಾತನ ಕಾಲದಲ್ಲಿ ಗಾಡಿಗೆ ಕೋಳಿ ಕೊಯ್ತಿದ್ರು ಸಾರ್. ಈಗ ಕುಂಬಳಕಾಯಿ. ಕೋಳಿ ಬದುಕ್ತಲ್ಲ, ಅಷ್ಟು ಸಾಲ್ದಾ?” ಎಂದರು. ನನ್ನಲ್ಲಿ ತಕ್ಷಣದ ಉತ್ತರವಿರಲಿಲ್ಲ. ಕೂಷ್ಮಾಂಡಬಲಿ ಎಂಬ ಹೆಸರಿನಲ್ಲಿ ಶಾಸ್ತ್ರಗಳೂ ಒಪ್ಪಿದ ಬದಲಿ ಅದು. ಜನ್ನನ ಶತಮಾನದಲ್ಲಿಯೇ ಹುಟ್ಟಿದ ಮಧ್ವಾಚಾರ್ಯರ ಪರಂಪರೆ ಯಜ್ಞದಲ್ಲಿ ಪಿಷ್ಟಪಶುವಿಗೆ, ಅಂದರೆ ಹಿಟ್ಟಿನ ಪಶುವಿಗೆ, ಮನ್ನಣೆ ಕೊಟ್ಟಿತು. ಒಂದು ಕಡೆ ಹಿಟ್ಟು ಪ್ರಾಣಿಯನ್ನು ಉಳಿಸುವ ದಾರಿ; ಇನ್ನೊಂದು ಕಡೆ ಅದೇ ಹಿಟ್ಟು ಜನ್ಮಜನ್ಮಾಂತರದ ಕೇಡಿಗೆ ಬೀಜ. ಎರಡೂ ಇದೇ ನಾಡಿನ ಚಿಂತನೆಗಳು. ಸಂಶೋಧನೆಗೆ ವಿಷಯ ಹುಡುಕುವ ವಿದ್ಯಾರ್ಥಿಗಳು ಇವೆರಡನ್ನೂ ಎದುರುಬದುರು ಇರಿಸಿ ನೋಡಬೇಕು.

ನಾನು ಇಷ್ಟೆಲ್ಲ ಯೋಚಿಸಲು ಕಾರಣ ಒಬ್ಬ ವಿದ್ಯಾರ್ಥಿನಿ. ಹಿಂದಿನ ಸೆಮಿಸ್ಟರಿನಲ್ಲಿ ಆಂತರಿಕ ಮೌಲ್ಯಮಾಪನಕ್ಕೆ ಎಪ್ಪತ್ತಕ್ಕೂ ಹೆಚ್ಚು ಅಸೈನ್‌ಮೆಂಟುಗಳು ಬಂದಿದ್ದವು. ಅಂಕ ತುಂಬಲು ಎರಡೇ ದಿನ. ಬರವಣಿಗೆ ಅಂದವಾಗಿದ್ದರೆ ಒಂಬತ್ತು, ಇಲ್ಲದಿದ್ದರೆ ಎಂಟು. ಕೊನೆಯ ಪುಟದಲ್ಲಿ ಸಹಿ. ಆ ಹುಡುಗಿ ಮಾರನೆಯ ವಾರ ಬಂದು, “ಸರ್, ನಾಲ್ಕನೆಯ ಪುಟದಲ್ಲಿ ಒಂದು ಪ್ರಶ್ನೆ ಬರೆದಿದ್ದೆ, ನೀವು ಏನೂ ಹೇಳಲಿಲ್ಲ” ಎಂದಳು. ಚೆನ್ನಾಗಿದೆಯಮ್ಮ, ಆಮೇಲೆ ಮಾತಾಡೋಣ ಎಂದೆ. ಅವಳಿಗೆ ಅರ್ಥವಾಯಿತು. ಅರ್ಥವಾಗದಂತೆ ತಲೆಯಾಡಿಸಿ ಹೋದಳು. ಅದು ನನ್ನನ್ನು ಹೆಚ್ಚು ಕಾಡಿತು.

ಅಂದು ಸಂಜೆ ಕಟ್ಟು ಬಿಚ್ಚಿ ಆ ನಾಲ್ಕನೆಯ ಪುಟ ಓದಿದೆ. ಯಶೋಧರ ಕ್ರೂರಿಯಲ್ಲ, ಕೊಲ್ಲುವ ಮನಸ್ಸೂ ಅವನಿಗಿಲ್ಲ. ತಾಯಿಯ ಮನಸ್ಸು ನೋಯಿಸಲಾರದೆ ಒಪ್ಪಿದವನಿಗೆ ಇಷ್ಟು ಜನ್ಮಗಳ ಶಿಕ್ಷೆ ನ್ಯಾಯವೆ ಎಂದು ಅವಳು ಕೇಳಿದ್ದಳು. ಇಪ್ಪತ್ತೈದು ವರ್ಷ ಈ ಕಾವ್ಯ ಪಾಠಮಾಡಿದ ನನ್ನನ್ನು ಯಾವ ಪರೀಕ್ಷಕರೂ ಇದನ್ನು ಕೇಳಿರಲಿಲ್ಲ.

ಮತ್ತೊಮ್ಮೆ ಮೂಲಕ್ಕೆ ಹೋದೆ. ಈ ಸಲ ಕಂಡದ್ದು ಕೋಳಿಗಿಂತ ಮೊದಲಿನ ಕನಸು. ಯಶೋಧರ ಕಂಡ ಸತ್ಯವನ್ನು ಮುಚ್ಚಲು ಇಲ್ಲದ ಕನಸನ್ನು ಹೇಳುತ್ತಾನೆ. ಆ ಸುಳ್ಳು ಕನಸಿಗೆ ಪರಿಹಾರವಾಗಿ ಬರುವುದು ಸುಳ್ಳು ಕೋಳಿ. ಕೊಂದಂತೆಯೂ ಇರಬೇಕು, ಕೊಲ್ಲದಂತೆಯೂ ಇರಬೇಕು. ತಾಯಿಗೂ ಸಮಾಧಾನ, ತನಗೂ ನಿರಾಳ. ಆ ಇಡೀ ಪ್ರಸಂಗದಲ್ಲಿ ನಟನೆಯಲ್ಲದ್ದು ಕೋಳಿಯ ಕೂಗು ಒಂದೇ. ಅವನು ಹೊತ್ತ ಶಿಕ್ಷೆ ಕ್ರೌರ್ಯಕ್ಕಲ್ಲ, ಈ ಏರ್ಪಾಟಿಗೆ ಎಂದು ನನಗೆ ತೋರಿತು. ಆಟೋದವರ ಕುಂಬಳಕಾಯಿಗೂ ಇದಕ್ಕೂ ಅಂತರ ಇಲ್ಲಿರಬಹುದೇನೋ. ಅವರು ಯಾವುದನ್ನೂ ಮುಚ್ಚಿಡುವುದಕ್ಕೆ ಕಾಯಿ ಒಡೆಯುವುದಿಲ್ಲ. ಓದದೆ ಓದಿದೆನೆಂದು ಸಹಿ ಹಾಕುವವನ ಮಾತು ಬೇರೆ.

ಆ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಇಷ್ಟನ್ನೂ ಚಿಕ್ಕದಾಗಿ ಬರೆದು, ನಿನ್ನ ಪ್ರಶ್ನೆಯನ್ನು ತಡವಾಗಿ ಓದಿದೆ ಎಂದು ಸೇರಿಸಿ ಹಿಂದಿರುಗಿಸಿದೆ. ಅಂಕ ಆಗಲೇ ಕಂಪ್ಯೂಟರಿಗೆ ಸೇರಿಹೋಗಿತ್ತು. ಉಳಿದ ಅಸೈನ್‌ಮೆಂಟುಗಳ ಕಟ್ಟು ಇನ್ನೂ ಮನೆಯ ಕಪಾಟಿನಲ್ಲಿದೆ. ರಾತ್ರಿ ಊಟವಾದ ಮೇಲೆ ದಿನಕ್ಕೆ ಎರಡು ಮೂರು ಓದುತ್ತಿದ್ದೇನೆ.